ಹಿಟ್ಟಿನ ಡಬ್ಬಿಯೊಳಗೆ ಗೋಡೆ

ಅಳಿಸಿದವನು ನಾನೇ.
ಪೋರ್ಟೊದ ಮೀನಂಗಡಿಯ ಸಾಲಿನಲ್ಲಿ,
ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು.
ದೋರು ನದಿಯ ಮೇಲೆ ಒಂದು ದೋಣಿ,
ದೋಣಿಯ ಮೂತಿಯಲ್ಲಿ ಒಂದು ನಾಯಿ,
ತಾನೇ ನಾವಿಕನೆಂಬ ಠೀವಿಯಲ್ಲಿ.
ಚಿತ್ರ ತೆಗೆಯಹೋದೆ.
ಜಾಗವಿಲ್ಲ ಎಂದಿತು ಫೋನು.

ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು ನಾನು,
ಜಾಗವಿಲ್ಲವೆಂದರೆ ಯಾರನ್ನಾದರೂ ಇಳಿಸುತ್ತೇನೆ.
ಗೋಡೆಗೆ ಹಚ್ಚಿದ ನೀಲಿ ಬಿಲ್ಲೆ, ಅದರ ಬೆನ್ನು,
ಇನ್ನೊಂದು ನೀಲಿ ಬಿಲ್ಲೆ, ಅದರ ಬೆನ್ನು,
ಮುನ್ನೂರ ಹನ್ನೆರಡು ಬಿಲ್ಲೆಗಳ ಚಿತ್ರ.
ಹೇಗೂ ಮೋಡದಲ್ಲಿವೆಯಲ್ಲ!
ಹೆಬ್ಬೆರಳು ಒತ್ತಿತು.
ನಾಯಿ ಚೆನ್ನಾಗಿ ಬಂತು.

ಈಗ ಗೊತ್ತು: ಫೋನು ಮೋಡಕ್ಕೆ ಹೇಳಿತು,
ಮೋಡ ಕಿಟೇರಿಯಾಳ ಲ್ಯಾಪ್‌ಟಾಪಿಗೆ ಹೇಳಿತು,
ಅದು ತಲೆಯಾಡಿಸಿ ತನ್ನ ಪಾಲನ್ನೂ ಅಳಿಸಿತು.
ಯಾರದೂ ತಪ್ಪಿಲ್ಲ. ಮೂವರೂ ನಿಯತ್ತಿನವರು.
ಕನ್ನಡಿಯೊಳಗಿನ ಗಂಟನ್ನು
ಉಳಿತಾಯವೆಂದು ಬರೆದಿಟ್ಟುಕೊಂಡವರು ನಾವು.

ಕಸದ ಬುಟ್ಟಿ ಮೂವತ್ತು ದಿನ ಕಾಯುತ್ತದಂತೆ.
ನಮಗೆ ಎಚ್ಚರವಾದದ್ದು ಮೂವತ್ತನಾಲ್ಕನೆಯ ದಿನ.
ಅಷ್ಟರಲ್ಲಿ ವೈದ್ಯರ ಮನೆಯ ಮೆಟ್ಟಿಲಗೋಡೆ
ಕಿತ್ತು, ತೊಳೆದು, ಪೆಟ್ಟಿಗೆಗಳಲ್ಲಿ ಕೂತಿತ್ತು,
ಇಸ್ಪೀಟೆಲೆ ಕಲಸಿದ ಹಾಗೆ.

ಮಾರ್ಚ್ ತಿಂಗಳ ಪ್ರತಿ ಇದೆಯಲ್ಲ, ಅಂದಳು.
ಉಣ್ಣೆಯ ಕಾಲುಚೀಲದಿಂದ ಕರಿ ಡಿಸ್ಕನ್ನು ತೆಗೆದಳು.
ಇದ್ದವು. ಎಲ್ಲ ಇದ್ದವು:
ಮೆಟ್ಟಿಲು ಎಡ ಹದಿನೇಳು, ಮೆಟ್ಟಿಲು ಎಡ ಹದಿನೇಳು ಬೆನ್ನು...
ಹಾಜರಿ ಪುಸ್ತಕದ ಹಾಗೆ ಸಾಲಾಗಿ.
ಗಾತ್ರ: ಸೊನ್ನೆ. ಗಾತ್ರ: ಸೊನ್ನೆ.
ಆ ದಿನ ಲ್ಯಾಪ್‌ಟಾಪಿನಲ್ಲಿದ್ದದ್ದು ಹೆಸರಷ್ಟೇ,
ಪಕ್ಕದಲ್ಲಿ ಉಗುರಿನಷ್ಟು ಮೋಡದ ಗುರುತು,
ಒಡಲು ಇನ್ನೆಲ್ಲೋ, ಯಾವ ಊರಿನ ಯಾವ ಕಟ್ಟಡದಲ್ಲೋ.
ಹೆಸರುಗಳನ್ನು ನಕಲು ಮಾಡಿ
ನೆಮ್ಮದಿಯಾಗಿ ಮಲಗಿದ್ದೆವು.

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
ಕಾಫಿ ಇಟ್ಟಳು, ಮರೆತಳು, ಅದು ಉಕ್ಕಿತು.
ಒಂದು ಬಿಲ್ಲೆ ಎತ್ತಿ ಬೋರಲು ಹಾಕಿ
ಹಲ್ಲುಜ್ಜುವ ಬ್ರಷ್ಷಿನಿಂದ ಹಳೇ ಸುಣ್ಣ ಕೆರೆದಳು.
ಅಡಿಯಲ್ಲಿ ಕಂದು ಬಣ್ಣದ ಕುಂಚದ ಗುರುತು:
ಬಿ, ಏಳು.

ಯಾವನೋ ಚಿತ್ರಗಾರ,
ಗಾರೆಯವನನ್ನು ನಂಬದವನು,
ಕುಲುಮೆಗೆ ಹಾಕುವ ಮುಂಚೆ ಸಾಲು, ಸಂಖ್ಯೆ
ಒಂದೊಂದರ ಬೆನ್ನ ಮೇಲೂ ಬರೆದಿಟ್ಟಿದ್ದ.
ಹನ್ನೊಂದು ದಿನ ಕೆರೆದೆವು. ಕೈಯೆಲ್ಲ ವಿನೆಗರ್ ವಾಸನೆ.

ಹತ್ತೊಂಬತ್ತಕ್ಕೆ ಬೆನ್ನಿನ ಬರಹವೇ ಇರಲಿಲ್ಲ,
ಹಿಂದೆ ಯಾರೋ ಉಜ್ಜಿ ತೆಗೆದಿದ್ದರು.
ಎಲ್ಲವೂ ಆಕಾಶದವು.
ಆಕಾಶಕ್ಕೆ ಎಡ ಯಾವುದು, ಬಲ ಯಾವುದು?
ಏಣಿಯ ಮೇಲೆ ನಿಂತು ಕೇಳಿದೆ:
ಕಿಟೇರಿಯಾ, ಈ ಮೋಡವನ್ನು ಎಲ್ಲಿಡಲಿ?
ಆ ತಿಂಗಳಲ್ಲಿ ಮೊದಲ ಸಲ ನಕ್ಕಳು.
ಎಲ್ಲಾದರೂ ಇಡು, ಅಂದಳು,
ಅದರ ಮೇಲೆ ಭಾರ ಹಾಕಬೇಡ, ಅಷ್ಟೆ.

ಗೋಡೆ ನಿಂತ ಮೇಲೆ ಮತ್ತೆ ಚಿತ್ರ ತೆಗೆದೆವು.
ಈ ಸಾಧನದಲ್ಲೇ ಸದಾ ಇರಲಿ ಎಂದು
ಎಲ್ಲ ಕಡತಗಳಿಗೂ ಅಪ್ಪಣೆಯಾಯಿತು.
ಹಳೆಯ ಗೋಡೆಗಳೆಲ್ಲ ರಾತ್ರಿಯಿಡೀ ಇಳಿದವು,
ಲ್ಯಾಪ್‌ಟಾಪಿಗೆ ಏದುಸಿರು.
ಬೆಳಗಿನ ಹೊತ್ತಿಗೆ ಹಸಿರು ಗುರುತುಗಳು.
ಆಮೇಲೆ ಎರಡು ಡಿಸ್ಕು, ಎರಡು ನಕಲು.
ಕಣ್ಣು ಮುಚ್ಚಿ ಬೆರಳಿಟ್ಟ ಹತ್ತನ್ನು ತೆರೆದು ನೋಡಿದಳು.
ಹೆಸರಿನ ಹಿಂದೆ ಬಿಲ್ಲೆ ಇತ್ತು.

ಒಂದು ಕಾರ್ಖಾನೆಯಲ್ಲಿ. ಇನ್ನೊಂದನ್ನು ಹೊತ್ತು
ಏರುಬೀದಿ ಹತ್ತಿ ಎರ್ಮೆಲಿಂಡಾಳ ಬೇಕರಿಗೆ ಹೋದೆ.
ಜೋಳದ ಹಿಟ್ಟಿನ ಖಾಲಿ ಡಬ್ಬಿ ಕೊಟ್ಟಳು.
ಏನಿದು?
ಗೋಡೆ.
ಎಷ್ಟು ದೊಡ್ಡದು?
ಮೂರು ಮಹಡಿ.
ನಂಬದೆ ತಕ್ಕಡಿಯಲ್ಲಿಟ್ಟಳು.
ನೂರ ಎಪ್ಪತ್ತು ಗ್ರಾಂ, ಅಂದಳು,
ಎರಡು ಬನ್ನಿನಷ್ಟು.

ನಾಯಿಯೂ ಇದೆ ಅದರಲ್ಲಿ,
ನಾನು ಹೇಳಲಿಲ್ಲ.